ಎಚ್-1ಬಿ ವೀಸಾ: ಉದ್ಯೋಗ ನಿಯಮಗಳು ಮತ್ತು ಸ್ಟೇಟಸ್

ಪದವಿಮಟ್ಟದ ವಿಶೇಷ ಪರಿಣತಿ ಬೇಕಾದ ಕೆಲಸಗಳಿಗೆ ಅಮೆರಿಕ ವಿದೇಶಿಯರಿಗೆ ಕೊಡುವ ತಾತ್ಕಾಲಿಕ ಪರವಾನಗಿಯೇ ಎಚ್-1ಬಿ. ಇದು ಇಂದಿನ ರೂಪಕ್ಕೆ ಬಂದದ್ದು 1990ರ ವಲಸೆ ಕಾಯ್ದೆಯಿಂದ. ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ವಿಶ್ವವಿದ್ಯಾಲಯಗಳಿಗೆ ಈ ಮಿತಿ ಅನ್ವಯಿಸದು. ಮಂಜೂರಾತಿ ಪಡೆಯುವವರಲ್ಲಿ ಭಾರತೀಯರೇ ಬಹುಪಾಲು. ಹೀಗಾಗಿ ವಾಷಿಂಗ್ಟನ್‌ನಲ್ಲಿ ನಿಯಮ ಬದಲಾದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಆತಂಕ ಶುರುವಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ, ಹೊರದೇಶದಲ್ಲಿರುವವರ ಪರವಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ 1,00,000 ಡಾಲರ್ ಪಾವತಿ ವಿಧಿಸಿದಾಗಲೂ ಹಾಗೆಯೇ ಆಯಿತು.

ಅರ್ಜಿ ಹಾಕುವುದು ನೌಕರನಲ್ಲ, ಕಂಪನಿ. ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಅದು ಕಾರ್ಮಿಕ ಇಲಾಖೆಗೆ ಮೊದಲೇ ಬರೆದುಕೊಡಬೇಕು. ಪ್ರಾಜೆಕ್ಟ್ ಇಲ್ಲವೆಂದು ನೌಕರನನ್ನು ಸಂಬಳವಿಲ್ಲದೆ ‘ಬೆಂಚ್’ ಮೇಲೆ ಕೂರಿಸುವಂತಿಲ್ಲ. ಅವಧಿಗೆ ಮುನ್ನ ಕೆಲಸದಿಂದ ತೆಗೆದರೆ ಸ್ವದೇಶಕ್ಕೆ ಮರಳುವ ಪ್ರಯಾಣವೆಚ್ಚವನ್ನು ಕಂಪನಿಯೇ ಭರಿಸಬೇಕು. ಕೆಲಸದ ಜಾಗ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ ಸಾಮಾನ್ಯವಾಗಿ ತಿದ್ದುಪಡಿ ಅರ್ಜಿ ಬೇಕು. ಇವು ಒಳ್ಳೆಯ ನಿಯಮಗಳೇ. ಆದರೆ ದೇಶದಲ್ಲಿ ಉಳಿಯುವ ಹಕ್ಕೇ ಮಾಲೀಕನ ಕೈಯಲ್ಲಿರುವಾಗ ಆತನ ವಿರುದ್ಧ ದೂರು ಕೊಡಲು ಧೈರ್ಯ ಮಾಡುವವರು ಕಡಿಮೆ.

ವೀಸಾ ಬೇರೆ, ಸ್ಟೇಟಸ್ ಬೇರೆ. ಪಾಸ್‌ಪೋರ್ಟಿನ ವೀಸಾ ಮುದ್ರೆ ಗಡಿಯವರೆಗೆ ಬರಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ಐ-94 ದಾಖಲೆ. ಮುದ್ರೆಯ ಅವಧಿ ಮುಗಿದರೂ ಐ-94 ಊರ್ಜಿತವಾಗಿದ್ದರೆ ಕೆಲಸ ಮುಂದುವರಿಸಬಹುದು. ಆದರೆ ಒಮ್ಮೆ ಊರಿಗೆ ಬಂದರೆ, ಹೊಸ ಮುದ್ರೆ ಸಿಗದೆ ಕೆಲಸಕ್ಕೆ ಮರಳುವಂತಿಲ್ಲ. ತಂದೆತಾಯಿಯ ಕೊನೆಗಾಲದಲ್ಲೂ ಹೊರಡಲು ಹಿಂಜರಿಯುವಂತೆ ಮಾಡುವುದು ಈ ಭಯವೇ. ಐ-94 ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ 10 ವರ್ಷ ಮರುಪ್ರವೇಶ ನಿಷಿದ್ಧ.

ಕೆಲಸ ಹೋದರೆ ಸಿಗುವ ಕಾಲಾವಕಾಶ ಗರಿಷ್ಠ 60 ದಿನ. ಐ-94 ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಈ ನಿಯಮ ಬಂದದ್ದೇ 2017ರಲ್ಲಿ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಿದರೆ ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸ ಆರಂಭಿಸಬಹುದು. 2022–23ರಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾಲುಸಾಲಾಗಿ ನೌಕರರನ್ನು ತೆಗೆದಾಗ ಈ ಗಡುವು ಎಷ್ಟು ಕಿರಿದೆಂಬುದು ಎದ್ದು ಕಂಡಿತು. ಮನೆಸಾಲ, ಮಕ್ಕಳ ಶಾಲೆ ಎಲ್ಲ ಇರುವ ಸಂಸಾರಕ್ಕೆ ಎರಡು ತಿಂಗಳು ಏನೇನೂ ಸಾಲದು.

ಸಾಮಾನ್ಯ ಅವಧಿ 6 ವರ್ಷ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಿಗದಿತ ಹಂತ ತಲುಪಿದ್ದರೆ 2000ದ ಕಾನೂನಿನಂತೆ ವಿಸ್ತರಣೆ ಸಿಗುತ್ತದೆ. ಯಾವುದೇ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಕೊಡುವಂತಿಲ್ಲವಾದ್ದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಸರದಿಯಲ್ಲಿ ನಿಗದಿತ ಹಂತ ದಾಟಿದವರ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಸಂಗಾತಿಗೆ 2015ರಿಂದ ದುಡಿಯುವ ಅನುಮತಿ ಇದೆ. ಮಕ್ಕಳಿಗೆ 21 ತುಂಬಿದರೆ ಅವಲಂಬಿತರ ಸ್ಟೇಟಸ್ ಕೊನೆಗೊಳ್ಳುತ್ತದೆ. ಹಸುಗೂಸಾಗಿದ್ದಾಗ ಬಂದು ಅಲ್ಲೇ ಬೆಳೆದವರೂ ವಿದ್ಯಾರ್ಥಿ ವೀಸಾದಂಥ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು.