ಕುಲೆಗಳ ಮದುವೆ

ಆಟಿ ತಿಂಗಳ ಜಡಿಮಳೆ. ಐದನೆಯ ತರಗತಿಯ ಹುಡುಗನೊಬ್ಬ ಇಬ್ಬರು ಗೆಳೆಯರೊಡನೆ ಸ್ಟಾಫ್ ರೂಮಿಗೆ ಬಂದು ರಜಾ ಅರ್ಜಿ ಕೊಟ್ಟ. ಕಾರಣ, ಅತ್ತೆಯ ಮದುವೆ. "ಆಟಿಯಲ್ಲಿ ಎಲ್ಲಿಯ ಮದುವೆ ಮಾರಾಯಾ?" ಎಂದು ನಾವೆಲ್ಲ ನಕ್ಕೆವು. "ಅತ್ತೆ ಸಣ್ಣದಿರುವಾಗಲೇ ಸತ್ತಿದ್ದಾರೆ ಟೀಚರ್. ಮಕ್ಕಳು ನೋಡಬಾರದಂತೆ, ಊಟಕ್ಕೆ ಮಾತ್ರ" ಎಂದ. ಜೊತೆಗೆ ಬಂದಿದ್ದ ಗೆಳೆಯರು ನಗಲಿಲ್ಲ. ನಕ್ಕವರು ನಾವು ಅಧ್ಯಾಪಕರು ಮಾತ್ರ.

ತುಳುವಿನಲ್ಲಿ ಕುಲೆ ಎಂದರೆ ಸತ್ತವರ ಪ್ರೇತ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕುಲೆಗಳಿಗೆ ಮಾತ್ರ ಗಡಿ ಗೊತ್ತಾಗಲಿಲ್ಲ. ಮಂಗಳೂರು, ಪುತ್ತೂರಿನ ಕಡೆಯೂ ನಮ್ಮಲ್ಲಿಯೂ ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತ ಮಗು ಅಲ್ಲಿಯೂ ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ ಎಂಬುದು ನಂಬಿಕೆ. ಆಗ ಅದೇ ರೀತಿ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಯನ್ನು ಹುಡುಕುತ್ತಾರೆ. ಸೀರೆ ತರುತ್ತಾರೆ, ಗೊಂಬೆಯನ್ನೋ ಬಟ್ಟೆಯನ್ನೋ ವಧೂವರರೆಂದು ಕೂರಿಸಿ ಶಾಸ್ತ್ರ ಮಾಡುತ್ತಾರೆ, ನೆಂಟರಿಗೆ ಬಾಳೆಲೆಯಲ್ಲಿ ಊಟ ಬಡಿಸುತ್ತಾರೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ಬೆರಗಾಯಿತು.

ಇದು ನಮ್ಮೂರಿನ ಮೌಢ್ಯ ಮಾತ್ರ ಎಂದುಕೊಂಡರೆ ತಪ್ಪು. ಚೀನಾದ ಸೇನಾಧಿಪತಿ ಸಾವೊ ಸಾವೊ ಕ್ರಿ.ಶ. 208ರಲ್ಲಿ ಹದಿಮೂರರ ಮಗ ಸತ್ತಾಗ, ಸತ್ತುಹೋಗಿದ್ದ ಇನ್ನೊಂದು ಮನೆಯ ಹುಡುಗಿಯನ್ನು ತಂದು ಅವನ ಜೊತೆ ಹೂಳಿಸಿದ. ತಾರ್ತಾರರು ಸತ್ತ ಮಕ್ಕಳಿಗೆ ಮದುವೆ ಮಾಡಿ, ಒಪ್ಪಂದದ ಪತ್ರವನ್ನು ಸುಡುತ್ತಾರೆಂದು 13ನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಹೇಳಿದ್ದಾನೆ. ಹೊಗೆಯ ಮೂಲಕ ಸುದ್ದಿ ಮಕ್ಕಳನ್ನು ಮುಟ್ಟುತ್ತದಂತೆ. ಆಮೇಲೆ ಎರಡೂ ಮನೆಯವರು ಮಕ್ಕಳು ಬದುಕಿದ್ದರೆ ಹೇಗೋ ಹಾಗೆಯೇ ಬೀಗರಾಗಿ ಉಳಿಯುತ್ತಾರೆ ಎಂದೂ ಅವನು ಬರೆಸಿದ್ದಾನೆ. ಫ್ರಾನ್ಸಿನಲ್ಲಿ 1959ರ ಡಿಸೆಂಬರ್ 2ರಂದು ಮಾಲ್ಪಾಸೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಮದುವೆ ನಿಶ್ಚಯವಾಗಿದ್ದ ಹುಡುಗನನ್ನು ಕಳೆದುಕೊಂಡ ಯುವತಿಯೊಬ್ಬಳು ಅಧ್ಯಕ್ಷ ದ ಗಾಲ್ ಅವರಲ್ಲಿ ಮೊರೆಯಿಟ್ಟಳು. ಅದೇ ತಿಂಗಳ ಕೊನೆಗೆ, ಸತ್ತವರನ್ನು ಮದುವೆಯಾಗಲು ಅವಕಾಶ ಕೊಡುವ ಕಾನೂನೇ ಬಂತು. ಅಧ್ಯಕ್ಷರ ಅನುಮತಿ ಬೇಕು, ಮದುವೆ ಸಾವಿನ ಹಿಂದಿನ ದಿನವೇ ಆಯಿತೆಂದು ಲೆಕ್ಕ, ಆಸ್ತಿಯಲ್ಲಿ ಪಾಲಿಲ್ಲ.

ನಮ್ಮ ಆಚರಣೆಯಲ್ಲಿ ಎಲ್ಲವೂ ಚೆನ್ನವೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಮದುವೆ ಕೂಡಿಬರದಿದ್ದರೆ ಕುಲೆಯ ಉಪದ್ರವೆಂದು ಹೆದರುವವರಿದ್ದಾರೆ, ಸಾಲ ಮಾಡುವವರೂ ಇದ್ದಾರೆ. ಸತ್ತ ಮೇಲೂ ಜಾತಿ ನೋಡುತ್ತೇವೆ, ಬಳಿ ನೋಡುತ್ತೇವೆ. ಪ್ರೇತ ಇದೆಯೇ ಎಂದು ಮಕ್ಕಳು ಕೇಳಿದರೆ ಪುರಾವೆಯಿಲ್ಲ ಎಂದೇ ಹೇಳಬೇಕು. ಆದರೆ ದುಃಖ ಇದೆಯೇ ಎಂದು ಯಾರೂ ಕೇಳಬೇಕಾಗಿಲ್ಲ. ವರ್ಷಗಟ್ಟಲೆ ಬಾಯಿಬಿಡದ ತಾಯಿ ಒಂದು ದಿನ ಮಗಳಿಗೆಂದು ಸೀರೆ ಆರಿಸುತ್ತಾಳೆ. ಎದುರು ಕುಳಿತ ಬೀಗಿತ್ತಿಗೆ ಏನನ್ನೂ ವಿವರಿಸಬೇಕಾಗಿಲ್ಲ, ಅವಳೂ ಕಳೆದುಕೊಂಡವಳೇ. ಅಂದಿನಿಂದ ಎರಡು ಮನೆಗಳಿಗೆ ಹೋಗಿ ಬರುವ ಬಳಕೆ.

ಶಾಲೆಯಲ್ಲಿ ನಾವು ಮಾಡುವುದೇನು? ಒಂದು ಮಗು ಹೋದರೆ ಮೌನ ಪ್ರಾರ್ಥನೆ, ಒಂದು ದಿನ ರಜೆ, ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೊಂದು ಗೆರೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನನ್ನು ನಾವು ಕೇಳುವುದೇ ಇಲ್ಲ. ಹಿಂದೊಮ್ಮೆ ಹಾಗೆ ಗೆರೆ ಎಳೆದಿದ್ದೆವು. ಕೆಲವು ವರ್ಷಗಳ ಮೇಲೆ ಆ ಹುಡುಗನ ತಾಯಿ ಪೇಟೆಯಲ್ಲಿ ಸಿಕ್ಕರು. ಉಭಯ ಕುಶಲೋಪರಿಯ ನಡುವೆ ಮೆಲ್ಲಗೆ ಕೇಳಿದರು: "ಅವನಿದ್ದಿದ್ದರೆ ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ವಾ ಟೀಚರ್?"

ಹೌದು ಎಂದೆವು. ಆ ಹುಡುಗನ ರಜಾ ಅರ್ಜಿಗೂ ಸಹಿ ಹಾಕಿದ್ದೇವೆ.