ಸಾವಿರಕ್ಕೆ ಎಷ್ಟು?

ನಮ್ಮ ಅಕ್ಕಲಕೋಟೆ ಭಾಗದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೇ ಬಂದು ಕೂಸನ್ನು ತೂಗಿ ನೋಡುತ್ತಾರೆ. ಈ ಪದ್ಧತಿಯ ಬೇರು ನಮ್ಮ ಮಹಾರಾಷ್ಟ್ರದ ಇನ್ನೊಂದು ತುದಿಯ ಗಡಚಿರೋಲಿಯಲ್ಲಿದೆ.

ವೈದ್ಯ ದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್ 1986ರಲ್ಲಿ ಅಲ್ಲಿ 'ಸರ್ಚ್' ಎಂಬ ಸೇವಾಸಂಸ್ಥೆ ಕಟ್ಟಿದರು. ಔಷಧೋಪಚಾರದ ಜೊತೆಗೆ ಹಳ್ಳಿಗಳ ಹುಟ್ಟು-ಸಾವಿನ ಲೆಕ್ಕವನ್ನೂ ಇಟ್ಟರು. 1993-95ರಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 62 ಕೂಸುಗಳು ತಿಂಗಳು ತುಂಬುವ ಮೊದಲೇ ಸಾಯುತ್ತಿದ್ದವು. ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಆದ್ದರಿಂದ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಕೂಸನ್ನು ಬೆಚ್ಚಗಿಡುವುದು, ಉಸಿರು ಕಟ್ಟಿದರೆ ಉಪಚರಿಸುವುದು, ನಂಜಿನ ಲಕ್ಷಣ ಗುರುತಿಸಿ ಚುಚ್ಚುಮದ್ದು ಕೊಡುವುದು ಇವೆಲ್ಲವನ್ನೂ ಅವರು ಕಲಿತರು. ಹೋಲಿಸಿ ನೋಡಲೆಂದು ಬೇರೆ 47 ಹಳ್ಳಿಗಳ ಲೆಕ್ಕವನ್ನೂ ಇಟ್ಟರು.

1997-98ರ ಹೊತ್ತಿಗೆ ಆ 39 ಹಳ್ಳಿಗಳಲ್ಲಿ ಸಾವು ಸಾವಿರಕ್ಕೆ ಸುಮಾರು 25ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ ಇಳಿಯಲಿಲ್ಲ. ಆ ಹೋಲಿಕೆ ಇರದಿದ್ದರೆ, 'ಕಾಲವೇ ಸುಧಾರಿಸಿತು' ಎಂದು ಯಾರಾದರೂ ಹೇಳಬಹುದಿತ್ತು. 1999ರಲ್ಲಿ ಈ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ನವಜಾತ ಶಿಶುಗಳ ಮನೆ ಆರೈಕೆಯನ್ನು ದೇಶದ ಕಾರ್ಯಕ್ರಮವಾಗಿ ತಂದಿತು.

'ಸಾವಿರಕ್ಕೆ ಎಷ್ಟು' ಎಂಬ ಲೆಕ್ಕವನ್ನು ನಾವು ಹಲಗೆಯ ಮೇಲೆ ಮಕ್ಕಳಿಗೆ ಕಲಿಸುತ್ತೇವೆ. ಇನ್ನು ಮುಂದೆ ಆ ಪಾಠದ ಜೊತೆಗೆ ಗಡಚಿರೋಲಿಯ ಈ ಕಥೆಯನ್ನೂ ಹೇಳೋಣ.