ಕಡವಿನ ದಡದ ಇರುಳು: ಕೊಪಣ ಸೀಮೆಯ ಜೈನ ಸಾರ್ಥವಾಹರು

'ತೀರ್ಥ' ಎಂಬ ಪದವನ್ನು ಇಂದು ಪುಣ್ಯಕ್ಷೇತ್ರ, ಪವಿತ್ರಜಲ ಎಂಬ ಅರ್ಥಗಳಲ್ಲಿ ಬಳಸುವುದು ರೂಢಿ. ಆದರೆ ಅದರ ಮೂಲಾರ್ಥ ಹೊಳೆಯನ್ನು ದಾಟುವ ಕಡವು ಎಂದು. ಸಂಸಾರವೆಂಬ ಮಹಾನದಿಗೆ ಕಡವನ್ನು ತೋರಿಸಿಕೊಟ್ಟ ಮಹಾಪುರುಷರೇ ತೀರ್ಥಂಕರರು. ಹೊಳೆಯ ದಡದಲ್ಲಿ ಸರಕು ಇಳಿಸಿ ಬೆಳಗಿಗಾಗಿ ಕಾಯುತ್ತಿದ್ದ ಹಿಂದಿನ ಕಾಲದ ವರ್ತಕನಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂದಿನ ಕೊಪ್ಪಳವೇ ಪ್ರಾಚೀನ ಕೊಪಣ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸಿದೆ. ಊರ ಪಕ್ಕದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಜೈನರಿಗೆ ಇದು ಸಲ್ಲೇಖನದ ಭೂಮಿ. ಇಲ್ಲಿ ಒಂದು ಕಾಲಕ್ಕೆ 772 ಬಸದಿಗಳಿದ್ದವೆಂಬ ಪ್ರತೀತಿಯೂ ಉಂಟು.

ಕೊಪಣದ ಕೀರ್ತಿಗೆ ಮುನಿಗಳ ತಪಸ್ಸು ಕಾರಣವಾದಂತೆ ದಾರಿಯೂ ಕಾರಣವಾಯಿತು. ಉತ್ತರದಲ್ಲಿ ಐಹೊಳೆ. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಮೇಗುತಿ ಜಿನಾಲಯವನ್ನು ಕಟ್ಟಿಸಿದ ಆ ಊರೇ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಮೂಲಸ್ಥಾನ. ಕತ್ತೆ ಕೋಣಗಳ ಮೇಲೆ ಸರಕು ಹೇರಿ ದೇಶದೇಶಗಳನ್ನು ಸುತ್ತುವವರೆಂದು ಶಾಸನಗಳು ಇವರನ್ನು ಬಣ್ಣಿಸುತ್ತವೆ. ದಕ್ಷಿಣದಲ್ಲಿ ತುಂಗಭದ್ರೆ. ನಡುವೆ ಕುಷ್ಟಗಿಯ ಸೀಮೆ, ಸಿಂದರ ರಾಜಧಾನಿಯಾಗಿದ್ದ ಎರಂಬರಗೆ ಅಂದರೆ ಇಂದಿನ ಯಲಬುರ್ಗಾ, ಅನಂತರ ಕೊಪ್ಪಳ. ಕೊಪ್ಪಳದಿಂದ ಪೂರ್ವಕ್ಕೆ ಆನೆಗೊಂದಿಯ ಕಡವು ಸುಮಾರು 40 ಕಿಲೋಮೀಟರು. ಹೊರೆ ಹೊತ್ತ ಎತ್ತುಗಳ ನಡಿಗೆಯಲ್ಲಿ ಇದು ಮೂರು ದಿನಗಳ ಪ್ರಯಾಣ.

ಕೊಪ್ಪಳಕ್ಕೂ ಸಾರ್ಥವಾಹರಿಗೂ ಇನ್ನೊಂದು ನಂಟುಂಟು. ಪಾಲ್ಕಿಗುಂಡು ಬೆಟ್ಟದ ಮೇಲೆ ಕೆತ್ತಿದ ಪಾದಗಳಿವೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಅವನ್ನು ಮಾಡಿಸಿದವನು ಚಾವಯ್ಯನೆಂದೂ ಅಲ್ಲಿಯ ಕನ್ನಡ ಶಾಸನ ತಿಳಿಸುತ್ತದೆ. ಆ ಆಚಾರ್ಯರ ಸಂಸ್ಕೃತ ಕಾವ್ಯವೇ 'ವರಾಂಗಚರಿತ'. ಡಾ. ಆ. ನೇ. ಉಪಾಧ್ಯೆಯವರು ಅದನ್ನು ಸಂಪಾದಿಸಿ 1938ರಲ್ಲಿ ಪ್ರಕಟಿಸಿದರು. ಕುತಂತ್ರಕ್ಕೆ ಸಿಲುಕಿ ಕಾಡುಪಾಲಾದ ರಾಜಕುಮಾರ ವರಾಂಗನಿಗೆ ಆಶ್ರಯವಿತ್ತವನು ಸಾಗರವೃದ್ಧಿ ಎಂಬ ಸಾರ್ಥಪತಿ. ಪುಳಿಂದರ ಪಡೆ ಸಾರ್ಥದ ಮೇಲೆ ಬಿದ್ದಾಗ ವರಾಂಗನು ಹೋರಾಡಿ ಎಲ್ಲರನ್ನೂ ಕಾಯುತ್ತಾನೆ. ಸಾಗರವೃದ್ಧಿಯು ಕುಲಗೋತ್ರವನ್ನು ಅರಿಯದೆಯೇ ಅವನನ್ನು ಮಗನಂತೆ ಕಾಣುತ್ತಾನೆ. ಲಲಿತಪುರದಲ್ಲಿ ಅವನು 'ಕಶ್ಚಿದ್ಭಟ', ಅಂದರೆ ಯಾರೋ ಒಬ್ಬ ಯೋಧ, ಎಂಬ ಹೆಸರಿನಲ್ಲೇ ಬಾಳುತ್ತಾನೆ. ವರ್ತಕರ ತಂಡವು ದಿಕ್ಕಿಲ್ಲದವನಿಗೆ ಮನೆಯಾದ ಈ ಕಥೆಯನ್ನು ಬರೆದ ಮುನಿಯ ಪಾದಗಳು ವರ್ತಕರ ದಾರಿಯ ಮೇಲಿನ ಬೆಟ್ಟದಲ್ಲೇ ಇರುವುದು ಗಮನಾರ್ಹ.

ಹರಿಗೋಲು ಮತ್ತು ಬೆಳಗಿನ ದಾಟು

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವನ್ನು ಕುರಿತು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಒಂದೊಂದರಲ್ಲಿ 15ರಿಂದ 20 ಜನ ಹಿಡಿಯುತ್ತಾರೆ. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹತ್ತಿಸಬಹುದು, ಆದರೆ ಸಾಮಾನ್ಯವಾಗಿ ಅವು ಈಜಿಯೇ ದಾಟುತ್ತವೆ. ಅಂಬಿಗರು ಹುಟ್ಟು ಹಾಕಿದಂತೆಲ್ಲ ದೋಣಿ ಗಿರಗಿರನೆ ಸುತ್ತುತ್ತಲೇ ಮುಂದೆ ಸಾಗುತ್ತದೆ. ಇದೇ ಹರಿಗೋಲು.

ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ, ಹೇರೆತ್ತೊಂದು ಸುಮಾರು 150 ಕಿಲೋ ತೂಕ ಹೊರುತ್ತದೆಂದು ಬರೆದಿದ್ದಾನೆ. ಈ ಲೆಕ್ಕದಲ್ಲಿ ಇಪ್ಪತ್ತು ಜನ ಹಿಡಿಯುವ ಹರಿಗೋಲಿಗೆ ಏಳೆಂಟು ಎತ್ತುಗಳ ಹೇರೇ ತುಂಬು ಭಾರ. ನೂರು ಎತ್ತುಗಳ ಸಾರ್ಥವೆಂದರೆ ಒಂದು ಹರಿಗೋಲು ಹದಿಮೂರರಿಂದ ಹದಿನೈದು ಸಲ ಹೋಗಿಬರಬೇಕು. ಎತ್ತುಗಳು ಈಜಿ ಸೇರಬೇಕು. ಆಚೆ ದಡದಲ್ಲಿ ಮತ್ತೆ ಹೇರು ಕಟ್ಟಬೇಕು. ಹೊತ್ತು ಏರಿದಂತೆ ಗಾಳಿ ಏಳುತ್ತದೆ; ದುಂಡು ದೋಣಿಗೆ ಗಾಳಿಯೇ ವೈರಿ. ಆದಕಾರಣ ಸಂಜೆಗೆ ದಡ ಸೇರಿದ ಸಾರ್ಥವು ಅಲ್ಲೇ ಇರುಳು ಕಳೆದು, ಬೆಳಕು ಹರಿಯುವಾಗಲೇ ಮೊದಲ ಹರಿಗೋಲನ್ನು ನೀರಿಗಿಳಿಸುವುದು ಅನಿವಾರ್ಯವಾಗಿತ್ತು.

ವ್ರತದ ಪರೀಕ್ಷೆ

ಜೈನ ವರ್ತಕನಿಗೆ ಈ ಇರುಳು ಬರಿಯ ವಿಶ್ರಾಂತಿಯ ಕಾಲವಲ್ಲ. ರಾತ್ರಿಭೋಜನತ್ಯಾಗವನ್ನು ಪಾಲಿಸುವವನು ಸೂರ್ಯಾಸ್ತಕ್ಕೆ ಮೊದಲೇ ಉಣ್ಣಬೇಕು. ಇದಕ್ಕಾಗಿ ಸಾರ್ಥವು ಹೊತ್ತಿರುವಾಗಲೇ ತಂಗಬೇಕು. ಹೊತ್ತು ಮೀರಿದರೆ ಆ ದಿನ ಉಪವಾಸ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತೆಗೆದ ನೀರಿಗೇ ಮರಳಿ ಬಿಡಬೇಕು. ಬಾವಿಯೊಂದು ಸಿಗುವುದೂ ಕಷ್ಟವಾದ ಎರೆನೆಲದ ದಾರಿಯನ್ನು ಕಳೆದು ಬಂದವನಿಗೆ ಹೊಳೆಯ ದಡದಲ್ಲಿ ಈ ನಿಯಮ ಸುಲಭವಾಗುತ್ತಿತ್ತು. ಚರ್ಮಸ್ಪರ್ಶವನ್ನು ಬಿಟ್ಟು ಜಿನಾಲಯವನ್ನು ಪ್ರವೇಶಿಸುವ ಶ್ರಾವಕನು ಚರ್ಮದ ಹರಿಗೋಲಿನಲ್ಲೇ ಕುಳಿತು ದಾಟಬೇಕಾಗಿದ್ದುದು ಮಾತ್ರ ತಪ್ಪಿಸಲಾಗದ ಸಂಗತಿ. ಆಚೆ ದಡದ ಸ್ನಾನವೇ ಅದಕ್ಕೆ ಪರಿಹಾರ.

ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿತ್ತು. ಕಡವೆಂದರೆ ಸುಂಕದ ಸ್ಥಳವೂ ಹೌದು. ಕತ್ತಲಲ್ಲಿ ಬೇರೆ ಕಡೆ ಹೊಳೆ ದಾಟಿದರೆ ಸುಂಕ ಉಳಿಯುತ್ತದೆಂಬ ಆಸೆ ಯಾವ ವರ್ತಕನಿಗೂ ಹುಟ್ಟಬಹುದು. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಕೀಳು ಸರಕನ್ನು ಬೆರೆಸುವುದು. ಐದೂ ವರ್ತಕನ ನಿತ್ಯಜೀವನಕ್ಕೆ ಸಂಬಂಧಿಸಿದವು. ಹೇರಿನಲ್ಲಿದ್ದ ಸರಕೆಲ್ಲ ಅವನದೇ ಆಗಿರುವುದಿಲ್ಲ. ನಂಬಿ ಕೊಟ್ಟವರದೂ ಇರುತ್ತದೆ. ಬೆಳಗಿಗೆ ಕಾದು, ಎಲ್ಲರೆದುರು ಹೇರು ತೋರಿಸಿ, ಸುಂಕ ಕೊಟ್ಟು ದಾಟುವವನಿಗೆ ಮುಂದಿನ ಊರಿನಲ್ಲಿ ಸಾಲ ಹುಟ್ಟುತ್ತದೆ. ಕತ್ತಲಲ್ಲಿ ದಾಟಿದವನು ಸುಂಕವನ್ನು ಉಳಿಸಿಕೊಂಡರೂ ಹೆಸರನ್ನು ಕಳೆದುಕೊಳ್ಳುತ್ತಾನೆ. ಜೈನ ವರ್ತಕರ ಮಾತಿಗೆ ಬೆಲೆ ಬಂದುದು ಬಸದಿಯಲ್ಲಿ ಕೈಗೊಂಡ ವ್ರತವನ್ನು ಹೊಳೆಯ ದಡದಲ್ಲೂ ನಡೆಸಿದ್ದರಿಂದ.

ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ ಕಡವು ನಿಲ್ಲುತ್ತಿತ್ತು. ಅದೇ ಸಮಯಕ್ಕೆ ಮುನಿಗಳ ಚಾತುರ್ಮಾಸ. ಮುನಿಸಂಘವು ಒಂದೆಡೆ ನಿಂತಾಗಲೇ ವರ್ತಕನೂ ನಿಲ್ಲುತ್ತಿದ್ದುದರಿಂದ ಧರ್ಮಶ್ರವಣಕ್ಕೆ ಅವಕಾಶ ಒದಗಿತು. ಮಹಾವೀರಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿ ಕಳೆದ ಮೇಲೆ ಮತ್ತೆ ದಾರಿ ತೆರೆಯುತ್ತಿತ್ತು.

ಆನೆಗೊಂದಿಯ ಭವ್ಯರು

ಕಡವಿನ ಊರಿನ ಜೈನರು ನಾಡಿನ ಇತಿಹಾಸದಲ್ಲೇ ಸ್ಥಾನ ಪಡೆದರು. 1368ರ ಶ್ರವಣಬೆಳಗೊಳದ ಪ್ರಸಿದ್ಧ ಬುಕ್ಕರಾಯನ ಶಾಸನದಲ್ಲಿ, ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡ ಭವ್ಯರ ಪೈಕಿ ಆನೆಗೊಂದಿಯವರ ಹೆಸರಿದೆ. ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದವರೂ ಅವರೊಡನಿದ್ದರು. ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಶಾಸನದ ಮುಂದಿನ ಭಾಗ ಅಷ್ಟೇ ಮುಖ್ಯವಾದುದು. ರಾಜ್ಯದ ಪ್ರತಿ ಜೈನ ಮನೆಯಿಂದ ವರ್ಷಕ್ಕೊಂದು ಹಣವನ್ನು ಕೂಡಿಸಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಕಟ್ಟಳೆಯಾಯಿತು. ಈ ವ್ಯವಸ್ಥೆಗಾಗಿ ದುಡಿದ ಕಲ್ಲೇಹದ ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಗೌರವ ದೊರೆಯಿತು. ಹದಿನೇಳು ವರ್ಷಗಳ ಅನಂತರ, 1385ರಲ್ಲಿ, ಹೊಳೆಯ ಆಚೆ ವಿಜಯನಗರದಲ್ಲಿ ಇರುಗಪ್ಪ ದಂಡನಾಯಕನು ಕುಂಥುನಾಥಸ್ವಾಮಿಯ ಚೈತ್ಯಾಲಯವನ್ನು ಕಟ್ಟಿಸಿದನು. ಇಂದು ಅದು ಗಾಣಗಿತ್ತಿ ಗುಡಿಯೆಂದು ಹೆಸರಾಗಿದೆ.

ದಾರಿ ಬದಲಾದ ಮೇಲೆ

1565ರಲ್ಲಿ ವಿಜಯನಗರ ಹಾಳಾಯಿತು. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಹೊಳೆಯೇ ಎರಡು ಆಡಳಿತಗಳ ಗಡಿಯಾಯಿತು. 1880ರ ದಶಕದಲ್ಲಿ ಗದಗಿನಿಂದ ಕೊಪ್ಪಳದ ಮಾರ್ಗವಾಗಿ ಹೊಸಪೇಟೆಗೆ ರೈಲು ಬಂದಿತು. ಸರಕು ಹೇರೆತ್ತನ್ನು ಬಿಟ್ಟು ವ್ಯಾಗನ್ ಏರಿತು. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಹರಿದು ಗಂಗಾವತಿಯು ಬತ್ತದ ಕಣಜವಾಯಿತು. ಆದರೂ ಆನೆಗೊಂದಿ ಮತ್ತು ತಳವಾರಘಟ್ಟಗಳ ನಡುವೆ ಹರಿಗೋಲು ನಿಲ್ಲಲಿಲ್ಲ. ಅಲ್ಲಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅನಂತರ ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ ಸೇತುವೆಯಾಗಿ ವಾಹನಗಳಿಗೆ ದಾರಿ ದೊರೆಯಿತು. ಇಂದು ಹತ್ತು ನಿಮಿಷದಲ್ಲಿ ಹೊಳೆ ದಾಟುವ ಲಾರಿಯು ದಡದಲ್ಲಿ ತಂಗುವುದಿಲ್ಲ.

ತಂಗುವವರು ಇಲ್ಲವಾದ ದಾರಿಯಲ್ಲಿ ಬಸದಿಯ ದೀಪಕ್ಕೆ ಎಣ್ಣೆ ಹಾಕುವವರೂ ಕಡಿಮೆಯಾಗುತ್ತಾರೆ. ಪಾಲ್ಕಿಗುಂಡಿನ ಆಚಾರ್ಯಪಾದಗಳಿಗೆ ಇಂದು ಬೆಟ್ಟ ಹತ್ತಿ ನಮಿಸುವವರು ಎಷ್ಟು ಮಂದಿ ಎಂಬುದನ್ನು ಸಮಾಜ ಯೋಚಿಸಬೇಕಾಗಿದೆ. ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಶಿಖರ, ಮಾನಸ್ತಂಭಗಳ ಜೊತೆಗೆ ಎರಡು ವಿಷಯಗಳಿಗೆ ಲಕ್ಷ್ಯ ಕೊಡುವುದು ಉಚಿತ. ಒಂದು, ದೂರದಿಂದ ಬಂದವನಿಗೆ ಸೂರ್ಯಾಸ್ತಕ್ಕೆ ಮೊದಲು ಊಟ, ಸೋಸಿದ ನೀರು ಮತ್ತು ಒಂದು ರಾತ್ರಿ ತಂಗಲು ಜಾಗ. ಇನ್ನೊಂದು, ಮನೆಗೊಂದರಂತೆ ವರ್ಷಕ್ಕೊಮ್ಮೆ ಕೊಡುವ ಚಿಕ್ಕ ಕಾಣಿಕೆ. ಪ್ರತಿಷ್ಠೆಯ ದಿನದ ಹೊನ್ನು ಬಸದಿಯನ್ನು ಕಟ್ಟುತ್ತದೆ. ಅದನ್ನು ಉಳಿಸುವುದು ಬುಸುವಿಸೆಟ್ಟಿಯ ಕಾಲದ ಆ ಒಂದು ಹಣ.